ಹನ್ನೊಂದು ದಿನದ ಹುಡುಗಿ

ಕೊಣ್ಣೂರ ಕುಂಬಾರ ಓಣಿಯ ಹೊಳೆಪ್ಪನನ್ನು ಗುರುತು ಹಿಡಿಯಲು ಮುಖ ನೋಡಬೇಕಾಗಿಲ್ಲ, ಬಲಗೈಯ ಹೆಬ್ಬೆರಳು ನೋಡಿದರೆ ಸಾಕು. ಅದು ಹೊರಗಡೆಗೆ ಸೊಟ್ಟಗೆ ತಿರುಗಿಕೊಂಡು, ಉಳಿದ ನಾಲ್ಕು ಬೆರಳುಗಳ ಮೇಲೆ ಸಿಟ್ಟು ಮಾಡಿಕೊಂಡು ಕೂತಂತಿದೆ. ಹದಿಮೂರನೆಯ ವಯಸ್ಸಿನಲ್ಲಿ, ಕುಸ್ತಿ ಕಲಿಸುವ ತಾಲೀಮಿನ ವಸ್ತಾದ ಮುರಿದದ್ದು ಅದು. ಅವತ್ತು ಮಣ್ಣಿನ ಕಣದಲ್ಲಿ ಎದುರಿನ ಹುಡುಗ ಅಳುತ್ತಿದ್ದಾನೆಂದು ಹೊಳೆಪ್ಪ ಹಿಡಿತ ಸಡಿಲು ಬಿಟ್ಟ. ವಸ್ತಾದ ಬಂದವನೇ ಇವನ ಹೆಬ್ಬೆರಳು ಹಿಡಿದು ಹಿಂದಕ್ಕೆ ಮಡಚಿದ. “ಇನ್ನೊಮ್ಮೆ ಕನಿಕರ ಬಂದ್ರ ಇದನ್ನ ನೋಡ್ಕೋ” ಅಂದ. ಲಟಕ್ಕನೆ ಸದ್ದಾಯಿತು. ಮನೆಗೆ ಬಂದರೆ, ಗಡಿಗೆ ಮಾಡುವ ಕೈಯನ್ನು ಮುರಿಸಿಕೊಂಡು ಬಂದನೆಂದು ಅಪ್ಪ ಇನ್ನೆರಡು ಬಿಟ್ಟ. ಅಂದಿನಿಂದ ಹೊಳೆಪ್ಪನಿಗೆ ಕನಿಕರ ಬಂದದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ನಮ್ಮ ಹೊಳೆಪ್ಪ ಕುಂಬಾರನೂ ಹೌದು, ದೊಣ್ಣೆಯೂ ಹೌದು. ಎರಡನ್ನೂ ಒಂದೇ ಮೈಯಲ್ಲಿ ಹೊತ್ತುಕೊಂಡು ನಲವತ್ತು ವರ್ಷ ತಿರುಗಿದ್ದಾನೆ. ಕಬ್ಬಿನ ಸುಗ್ಗಿಯಲ್ಲಿ ಕಾರ್ಖಾನೆಗೆ ಟ್ರ್ಯಾಕ್ಟರ್ ಹೊಡೆಯುತ್ತಾನೆ, ಬೇಸಿಗೆಯಲ್ಲಿ ತಾಯಿ ತಾಯವ್ವನ ಜೊತೆ ಮಣ್ಣು ತುಳಿಯುತ್ತಾನೆ. ಇವೆರಡರ ನಡುವೆ ಯಾರದಾದರೂ ಬೆನ್ನು ಬಿಸಿ ಮಾಡಬೇಕಾದರೆ ಊರಿನವರು ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಬರುವವರಿಗೇನು, ಕೈ ಅವರದಲ್ಲವಲ್ಲ. ನೀರಿನ ಸರದಿಯ ಜಗಳದಲ್ಲಿ ಒಬ್ಬನ ಮುಂದಿನ ಹಲ್ಲು ನಾಲ್ಕು ಉದುರಿಸಿದ. ಸ್ವಂತ ಚಿಕ್ಕಪ್ಪನ ಮಗನ ಹುಬ್ಬು ಸೀಳಿದ. ಕೈ ಮುಂದೆ, ಬುದ್ಧಿ ಹಿಂದೆ.

ಆದರೆ ಒಂದು ಸಂಗತಿ ತಾಯವ್ವನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಯಾರನ್ನಾದರೂ ಹೊಡೆದು ಬಂದ ದಿನ ಹೊಳೆಪ್ಪನಿಗೆ ರೊಟ್ಟಿ ಇಳಿಯುತ್ತಿರಲಿಲ್ಲ. ತಾಟಿನ ಮುಂದೆ ಕೂತು, ಒಂದು ತುತ್ತು ಮುರಿದು, ಅದನ್ನೇ ನೋಡುತ್ತ ಏಳುತ್ತಿದ್ದ. ಆಮೇಲೆ ಹಿತ್ತಲಿಗೆ ಹೋಗಿ ಹಸಿ ಮಣ್ಣು ತೆಗೆದುಕೊಂಡು ಒಂದು ಎತ್ತು ಮಾಡುತ್ತ ಕೂಡುತ್ತಿದ್ದ. ತಾಯವ್ವ ನೋಡಿಯೂ ನೋಡದವಳಂತೆ ಇರುತ್ತಿದ್ದಳು. ಮಗನಿಗೆ ಏನು ಕೇಳಬೇಕು ಎಂಬುದು ಆಕೆಗೂ ತಿಳಿದಿರಲಿಲ್ಲ.

ದೀಪಾ ಅವನ ಒಬ್ಬಳೇ ತಂಗಿ, ಹದಿನಾಲ್ಕು ವರ್ಷ ಚಿಕ್ಕವಳು. ಅಪ್ಪ ಸತ್ತಾಗ ಅವಳಿಗೆ ನಾಲ್ಕು ತುಂಬಿತ್ತು. ಹೆಗಲ ಮೇಲೆ ಕೂರಿಸಿಕೊಂಡು ಸಾಲಿಗೆ ಬಿಟ್ಟವನು ಹೊಳೆಪ್ಪ, ಗೋಕಾಕದ ಕಾಲೇಜಿಗೆ ಹಚ್ಚಿದವನೂ ಅವನೇ. ನಾಗರ ಪಂಚಮಿ ಬಂತೆಂದರೆ ಓಣಿಯ ಬೇವಿನ ಮರಕ್ಕೆ ಹಗ್ಗ ಹಾಕಿ ಜೋಕಾಲಿ ಕಟ್ಟುತ್ತಿದ್ದ. “ಅಣ್ಣಾ, ಇನ್ನೂ ಮ್ಯಾಲೆ” ಎಂದು ಅವಳು ಕೂಗಿದರೆ ಕಾಲು ಮರದ ತುದಿ ಮುಟ್ಟುವಂತೆ ತೂಗುತ್ತಿದ್ದ. ಊರೆಲ್ಲ ಹೆದರುವ ಆ ಕೈಗೆ ಹೆದರದ ಜೀವ ಅದೊಂದೇ ಇತ್ತು. ಅದನ್ನೂ ಅವನು ಉಳಿಸಿಕೊಳ್ಳಲಿಲ್ಲ, ಮಹಾರಾಯ.

ಏಳು ವರ್ಷದ ಹಿಂದಿನ ಮಾತು. ಮಣ್ಣೆತ್ತಿನ ಅಮಾವಾಸ್ಯೆಗೆ ಹನ್ನೊಂದು ದಿನ ಉಳಿದಿದ್ದವು. ಜೊತೆಗೆ ಟ್ರ್ಯಾಕ್ಟರ್ ಹೊಡೆಯುವ ಪರಸಪ್ಪ ಹೊಳೆಪ್ಪನನ್ನು ಬದಿಗೆ ಕರೆದು, “ನಿನ್ನ ತಂಗಿ ಫೋನ್ನಾಗ ಯಾವನ ಜೋಡಿನೋ ಮಾತಾಡಾಕತ್ತಾಳ. ನಮ್ಮ ಮನ್ಯಾಗಿನ ಹುಡುಗ್ಯಾರು ನೋಡ್ಯಾರ” ಅಂದ. ಹೊಳೆಪ್ಪ ಮನೆಗೆ ಬಂದಾಗ ದೀಪಾ ರೊಟ್ಟಿ ಬಡಿಯುತ್ತಿದ್ದಳು, ಫೋನು ಪಕ್ಕದಲ್ಲಿತ್ತು. ಎಡಗೈಯಿಂದ ಫೋನು ಕಸಿದುಕೊಂಡ, ಬಲಗೈಯಿಂದ ಹೊಡೆದ. ತುಟಿ ಒಡೆದು ರಕ್ತ ಹಿಟ್ಟಿನ ಮೇಲೆ ಬಿತ್ತು. ಅವಳನ್ನು ಅವನು ಹೊಡೆದದ್ದು ಅದೇ ಮೊದಲು. ಅವಳು ಅಳಲಿಲ್ಲ, ಹಿಟ್ಟು ಮೆತ್ತಿದ ಕೈಯಿಂದ ತುಟಿ ಒರೆಸಿಕೊಂಡು ಅವನನ್ನೇ ನೋಡಿದಳು. ಅವನು ಅವಳನ್ನು ಒಳಕೋಣೆಗೆ ನೂಕಿ ಚಿಲಕ ಹಾಕಿದ.

ಹಿತ್ತಲಲ್ಲಿ ಕೂತು ಫೋನು ಓದಿದರೆ ಅದರಲ್ಲಿ ಇದ್ದದ್ದಾದರೂ ಏನು? ಬಣ್ಣ, ಪರೀಕ್ಷೆ, ಮಣ್ಣು. ಹುಡುಗ ಹುಕ್ಕೇರಿಯವನು, ಶುಭಮ್ ಕಾಂಬಳೆ. ಕೊಲ್ಹಾಪುರದಲ್ಲಿ ಕಾರ್ಟೂನ್ ಚಿತ್ರ ಮಾಡುವುದನ್ನು ಕಲಿಯುತ್ತಿದ್ದ. ಮಣ್ಣಿನ ಬೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಫೋಟೋ, ಮತ್ತೆ ಸರಿಸಿ ಮತ್ತೊಂದು ಫೋಟೋ, ಹೀಗೆ ಸಾವಿರ ಫೋಟೋ ಕೂಡಿಸಿ ಓಡಿಸಿದರೆ ಬೊಂಬೆ ತಾನೇ ನಡೆಯುತ್ತದಂತೆ, ಆ ವಿದ್ಯೆ. ದೀಪಾ ತನ್ನ ತಾಯಿ ಮಾಡಿದ ಎತ್ತುಗಳ ಫೋಟೋ ಎಲ್ಲೋ ಹಾಕಿದ್ದಳು, ಅವನು ಚೆಂದ ಇವೆ ಅಂದಿದ್ದ. ಅಷ್ಟೇ. ಒಂದು ತಿಂಗಳ ಮಾತಿನಲ್ಲಿ ಒಂದು ಹೊಲಸು ಶಬ್ದ ಇರಲಿಲ್ಲ.

ಹಿಂದೆಯೇ ಬಂದಿದ್ದ ಪರಸಪ್ಪ ಹೆಗಲ ಮೇಲಿಂದ ಇಣುಕಿ, ಹುಡುಗನ ಅಡ್ಡಹೆಸರು ಓದಿ, ನೆಲಕ್ಕೆ ಉಗುಳಿದ. “ಇಂವಾ ನಮ್ಮ ಹುಡುಗಿಗೆ ಮೆಸೇಜ್ ಹಾಕ್ತಾನಂದ್ರ ಎಷ್ಟ ಧೈರ್ಯ ಇರಬೇಕ” ಅಂದ. ಹುಡುಗ ಏನು ಬರೆದಿದ್ದಾನೆ ಎಂದು ನೋಡುವ ಮೊದಲು ಅವನು ಯಾವ ಓಣಿಯವನೆಂದು ನೋಡುವ ರೋಗ ನಮ್ಮ ಕಡೆ ಹಳೆಯದು. ಬುದ್ಧನ ಫೋಟೋ ಗೋಡೆಗೆ ಹಾಕಿಕೊಂಡು, ಓದಿ, ನೌಕರಿ ಹಿಡಿದ ಮನೆತನದವರಾದರೂ ಈ ಉಗುಳು ತಪ್ಪುವುದಿಲ್ಲ. ಆ ರೋಗ ಹೊಳೆಪ್ಪನಿಗೂ ಇತ್ತು, ಸುಳ್ಳು ಯಾಕೆ ಹೇಳಲಿ. ಹುಡುಗನನ್ನು ದೀಪಾಳ ಹೆಸರಿನಲ್ಲಿ ಕರೆಸಿ ಕಾಲು ಮುರಿಯುವುದೆಂದು ಅಲ್ಲೇ ಗೊತ್ತಾಯಿತು.

ಅವತ್ತೇ ಕರೆಸಿದ್ದರೆ ಇದು ಊರಿನ ನೂರು ಹೊಡೆದಾಟಗಳಲ್ಲಿ ಒಂದಾಗಿ ಹೋಗುತ್ತಿತ್ತು. ಅನುಮಾನ ಬಾರದಿರಲೆಂದು ಹೊಳೆಪ್ಪ ಮೊದಲು ತಂಗಿಯಂತೆ, ತನ್ನ ದಪ್ಪ ಬೆರಳಿನಿಂದ ‘ಊಟ ಆತೇನ’ ಎಂದು ಒತ್ತಿದ. ಹುಡುಗ, ಆತು, ನಿಂದು? ಎಂದು ಕೇಳಿ, ತನ್ನ ಮಣ್ಣಿನ ಎತ್ತಿನ ಕಾಲು ಒಣಗುವಾಗ ಯಾಕೆ ಮುರಿಯುತ್ತದೆ ಎಂದು ಕೇಳಿದ. ದೀಪಾಳಿಗೆ ಅದು ಗೊತ್ತಿರಲಿಲ್ಲ, ಅವಳು ಬಣ್ಣ ಹಚ್ಚುವವಳು. ಹೊಳೆಪ್ಪನಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಯಾರಾದರೂ ಕೇಳಿದರೆ ಸುಮ್ಮನಿರುವುದು ಕಷ್ಟ ನೋಡಿ.

‘ಕಸಬರಿಗಿ ಕಡ್ಡಿ ನಡಕ ಇಟ್ಟ, ಅದರ ಸುತ್ತ ಮಣ್ಣ ಮೆತ್ತು. ನೆಳ್ಳಾಗ ಒಣಗಸು. ಬಿಸಲಿಗಿ ಇಟ್ರ ಸಿಟ್ಟಿಗೆದ್ದ ಒಡೀತೈತಿ.’

‘ಮಣ್ಣಿಗೂ ಸಿಟ್ಟ ಬರ್ತೈತೇನು?’

‘ಬರ್ತೈತಿ. ತುಳದವರಿಗಿ ಗೊತ್ತ.’

ಹುಡುಗ ನಕ್ಕ ಗುರುತು ಕಳಿಸಿದ. ಹೊಳೆಪ್ಪನೂ ಹಿತ್ತಲಲ್ಲಿ ಒಬ್ಬನೇ ಕೂತು ನಕ್ಕ. ಮರುದಿನ ಮಣ್ಣಿಗೆ ಎಷ್ಟು ಬೂದಿ ಬೆರೆಸಬೇಕೆಂದು ಹೇಳಿದ, ಅದರ ಮರುದಿನ ಅಪ್ಪ ಸತ್ತದ್ದನ್ನು ಹೇಳಿದ. ಫೋನು ಮಾಡಲೇ ಎಂದು ಹುಡುಗ ಕೇಳಿದಾಗ, ಬೇಡ, ಮನೆಯಲ್ಲಿ ಅವ್ವ ಇರುತ್ತಾಳೆ ಎಂದು ತಪ್ಪಿಸಿದ. ಟ್ರ್ಯಾಕ್ಟರ್ ನಿಲ್ಲಿಸಿ ಫೋನು ನೋಡುವ ಹೊಳೆಪ್ಪನನ್ನು ಕಂಡು ಪರಸಪ್ಪ, “ಗಾಳಾ ಬಿಗೀ ಹಿಡದೀ ಮತ್ತ” ಎಂದು ಮೆಚ್ಚಿಕೊಂಡ. ಗಾಳಕ್ಕೆ ಸಿಕ್ಕವರು ಯಾರೆಂದು ಇಬ್ಬರಿಗೂ ತಿಳಿಯಲಿಲ್ಲ.

ಒಂಬತ್ತನೆಯ ದಿನ ಹೊಳೆಪ್ಪ ಒಂದು ಮಾತು ಬರೆದ. ‘ನಮ್ಮಣ್ಣ ಯಾರ ಮ್ಯಾಲರ ಕೈ ಎತ್ತಿದ ದಿನ ಉಣ್ಣೂದಿಲ್ಲ. ಹಿತ್ತಲದಾಗ ಕುಂತ ಎತ್ತ ಮಾಡ್ತಾನ. ಊರಾಗ ಯಾರಿಗೂ ಗೊತ್ತಿಲ್ಲ.’

ಹುಡುಗ ಬರೆದ: ‘ಅಂವಗ ಯಾರರ ಒಮ್ಮಿ ಕೇಳಬೇಕಿತ್ತ, ಕೈ ನೋಯ್ತಾವೇನೋ ಅಂತ.’

ಹೊಳೆಪ್ಪ ಫೋನನ್ನು ಜೋಳದ ಚೀಲದೊಳಗೆ ತುರುಕಿ ಒಂದು ಇಡೀ ದಿನ ಮುಟ್ಟಲಿಲ್ಲ. ಎದೆಯೊಳಗೆ ಏನೋ ಬಿಚ್ಚಿಕೊಂಡಿತ್ತು. ಹಾಗೆ ಬಿಚ್ಚಿಕೊಂಡದ್ದಕ್ಕೆ ಬೇರೆಯವರಾದರೆ ಅತ್ತು ಹಗುರಾಗುತ್ತಿದ್ದರು, ಇವನಿಗೆ ಸಿಟ್ಟು ಬಂತು. ಹುಕ್ಕೇರಿಯ ಒಂದು ಪೋರ ತನ್ನನ್ನು ಬತ್ತಲೆ ನೋಡಿಬಿಟ್ಟನೆಂಬ ಸಿಟ್ಟು. ಅಮಾವಾಸ್ಯೆಯ ಸಂಜೆ, ಹನ್ನೊಂದನೆಯ ದಿನ, ಕರೆದ. ‘ನಾಳಿ ಬಾ. ಹಳೇ ಆವಿಗಿ ಹತ್ರ. ಮಣ್ಣ ಕೊಡ್ತೇನಿ.’

ಆವಿಗೆ ಅಂದರೆ ಗಡಿಗೆ ಸುಡುವ ಜಾಗ, ಊರ ಹೊರಗೆ ಕಬ್ಬಿನ ಗದ್ದೆಗಳ ನಡುವೆ ಇದೆ. ಅಮಾವಾಸ್ಯೆಯ ಮರುದಿನ ನಮ್ಮಲ್ಲಿ ಮಕ್ಕಳು ಒಂದು ಕಾಲು ಮುರಿದ ಮಣ್ಣೆತ್ತನ್ನು ಹಲಗೆಯ ಮೇಲಿಟ್ಟುಕೊಂಡು, ಕುಂಟೆತ್ತು ಬಂದಿದೆ ಎಂದು ಮನೆಮನೆಗೆ ಹೋಗಿ ಜೋಳ ಬೇಡುವ ಪದ್ಧತಿ. ಆ ಕೂಗು ಊರಕಡೆಯಿಂದ ತೆಳ್ಳಗೆ ಕೇಳಿಸುತ್ತಿತ್ತು. ಹೊಳೆಪ್ಪ, ಪರಸಪ್ಪ ಮುಖಕ್ಕೆ ಟವೆಲು ಸುತ್ತಿಕೊಂಡು ಕೂತಿದ್ದರು. ಹುಡುಗ ಘಟಪ್ರಭಾದಲ್ಲಿ ಬಸ್ಸು ಇಳಿದು ನಡೆದೇ ಬಂದಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಒಂದು ರಟ್ಟಿನ ಡಬ್ಬಿ. ಇಬ್ಬರನ್ನು ನೋಡಿ ನಿಂತ. “ದೀಪಾ ಅವ್ರು ಇಲ್ಲೇ ಬರ್ತಾರೇನ್ರಿ?” ಎಂದು ಮರ್ಯಾದೆಯಿಂದ ಕೇಳಿದ.

ಪರಸಪ್ಪನ ದೊಣ್ಣೆ ಮೊದಲು ಅವನ ಕಿವಿಗೆ ಬಿತ್ತು. ಡಬ್ಬಿ ಜಾರಿತು. ಹುಡುಗ ಕಿವಿ ಹಿಡಿದುಕೊಂಡು ಬಾಗಿದಾಗ ಹೊಳೆಪ್ಪ ಅಂಗಿಯ ಕೊರಳು ಹಿಡಿದು ಎತ್ತಿ, ಮೂಗಿಗೆ ಹಣೆಯಿಂದ ಗುದ್ದಿದ. ಎಲುಬು ಒಡೆದು ರಕ್ತ ಬಿಳಿ ಅಂಗಿಯ ತುಂಬ ಇಳಿಯಿತು. ಬೂದಿಯ ಮೇಲೆ ಕೆಡವಿ ಎದೆಯ ಮೇಲೆ ಕೂತ. ಪರಸಪ್ಪ ಸುತ್ತಲೂ ತಿರುಗಿ, ಎಲ್ಲಿ ಖಾಲಿ ಜಾಗ ಸಿಕ್ಕಿತೋ ಅಲ್ಲಿ ದೊಣ್ಣೆ ಇಳಿಸುತ್ತ, ಹುಡುಗನ ಜಾತಿ ಹಿಡಿದು ಬೈಯುತ್ತಿದ್ದ. ಒಂದೊಂದು ಬೈಗುಳಕ್ಕೆ ಒಂದೊಂದು ಏಟು. ಹೊಳೆಪ್ಪ ಬೈಯಲಿಲ್ಲ. ಅವನ ಬಲಗೈ ಹುಡುಗನ ಗಂಟಲಿನ ಮೇಲಿತ್ತು, ಸೊಟ್ಟ ಹೆಬ್ಬೆರಳು ಹುಡುಗನ ಕಣ್ಣಿನ ಎದುರೇ ಇತ್ತು. ಹುಡುಗ ಅದನ್ನೇ ನೋಡುತ್ತ, ಉಸಿರು ಸಿಕ್ಕಾಗ ಒಂದು ಮಾತು ಹೇಳಿದ.

“ಅಕಿಗೆ ಏನೂ ಮಾಡಬ್ಯಾಡ್ರಿ.”

ತನ್ನನ್ನು ಬಿಡಿ ಎಂದು ಕೇಳಿಕೊಂಡಿದ್ದರೆ ಬಿಡುತ್ತಿದ್ದನೋ ಏನೋ. ಯಾವ ಆಕೆ? ಆ ಹನ್ನೊಂದು ದಿನದವಳು ಈ ಎದೆಯ ಮೇಲೇ ಕೂತಿದ್ದಳಲ್ಲ. ಹೊಳೆಪ್ಪ ಎದ್ದ. ಹುಡುಗನ ಬಲಗಾಲನ್ನು ಆವಿಗೆಯ ಕಲ್ಲಿಗೆ ಆನಿಸಿ, ಮೊಣಕಾಲಿನ ಮೇಲೆ ಪೂರ್ತಿ ಭಾರ ಬಿಟ್ಟು ತುಳಿದ. ಲಟಕ್ಕೆಂದಿತು, ಅವನ ಹೆಬ್ಬೆರಳು ಅಂದಂತೆಯೇ. ಹುಡುಗನ ಕೂಗಿಗೆ ಕಬ್ಬಿನೊಳಗಿನ ಹಕ್ಕಿಗಳು ಎದ್ದವು. ಇನ್ನೊಮ್ಮೆ ತುಳಿದ.

ಡಬ್ಬಿಯನ್ನು ಪರಸಪ್ಪ ಕಾಲಿನಿಂದ ಒಡೆದ. ಒಳಗಿದ್ದದ್ದು ಮಣ್ಣಿನ ಎತ್ತು. ಎಲ್ಲ ಪುಡಿಯಾದರೂ ಒಂದು ಕಾಲು ಮಾತ್ರ ಗಟ್ಟಿಯಾಗಿ ಉಳಿದಿತ್ತು, ಅದರ ತುದಿಯಲ್ಲಿ ಕಸಬರಿಗೆಯ ಕಡ್ಡಿ ಇಣುಕುತ್ತಿತ್ತು. ಹೊಳೆಪ್ಪ ಅದನ್ನೆತ್ತಿ ಕಿಸೆಗೆ ಹಾಕಿಕೊಂಡ.

ಹುಡುಗ ಆಸ್ಪತ್ರೆಯಲ್ಲಿ, ಗಾಡಿಯ ಮೇಲಿಂದ ಬಿದ್ದೆ ಎಂದು ಬರೆಸಿದನಂತೆ. ಹುಡುಗಿಯ ಹೆಸರು ಠಾಣೆಯವರೆಗೆ ಹೋಗಬಾರದೆಂದು. ಪರಸಪ್ಪ ಅದನ್ನು ಹೆದರಿಕೆ ಎಂದ, ಹೊಳೆಪ್ಪನೂ ಹೂಂ ಅಂದ. ದೀಪಾ ಮಾತ್ರ ಅಣ್ಣನ ಅಂಗಿಯ ಮೇಲಿನ ರಕ್ತ ನೋಡಿ ಎಲ್ಲ ತಿಳಿದುಕೊಂಡಳು. ಅವತ್ತಿನಿಂದ ಅವನ ಜೊತೆ ಮಾತು ಬಿಟ್ಟಳು. ಮರುವರ್ಷ ಮೂಡಲಗಿಯ ಒಬ್ಬ ಸಾಲಿ ಮಾಸ್ತರನಿಗೆ ಕೊಟ್ಟು ಮದುವೆ ಮಾಡಿದರು. ಹೋಗುವಾಗ ಅವ್ವನ ಕಾಲಿಗೆ ಬಿದ್ದಳು, ಅಣ್ಣನನ್ನು ಚಪ್ಪರದ ಕಂಬ ದಾಟುವಂತೆ ದಾಟಿದಳು.

ಪಂಚಮಿಗೆ ಹೆಣ್ಣುಮಗಳು ತವರಿಗೆ ಬರದಿದ್ದರೆ ನಮ್ಮಲ್ಲಿ ಆ ಮನೆಯ ಬಾಗಿಲು ಮುಚ್ಚಿದ ಹಾಗೆಯೇ ಲೆಕ್ಕ. ಹೊಳೆಪ್ಪ ಪ್ರತಿ ವರ್ಷ ಕರೆಯಲು ಹೋದ, ಪ್ರತಿ ವರ್ಷ ಅವಳ ಗಂಡ ಬಾಗಿಲಲ್ಲಿ ನಿಂತು, “ಅಕಿ ಒಲ್ಲೆ ಅಂತಾಳ್ರಿ” ಎಂದು ನೀರು ಕೊಟ್ಟು ಕಳಿಸಿದ. ಆದರೂ ಬಂದು ಜೋಕಾಲಿ ಕಟ್ಟುತ್ತಿದ್ದ. ಓಣಿಯ ಹುಡುಗಿಯರು ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಹೊಡೆದಾಟ ಬಿಟ್ಟ, ಪರಸಪ್ಪನ ಸಹವಾಸ ಬಿಟ್ಟ, ಮದುವೆಯ ಮಾತು ಬಂದರೆ ಎದ್ದು ಹೋದ. ಅವನಿಗೆ ಬೇಕಾಗಿದ್ದದ್ದು ಒಂದೇ, ತಂಗಿ ಬಂದು ಆ ಜೋಕಾಲಿಯಲ್ಲಿ ಕೂತು ಒಮ್ಮೆ ಅಣ್ಣಾ ಅನ್ನಬೇಕು.

ಈ ವರ್ಷ ಪಂಚಮಿಗೆ ಹದಿನೈದು ದಿನ ಮೊದಲು ಅವನ ಫೋನಿಗೆ ದೀಪಾಳಿಂದ ಒಂದು ಮೆಸೇಜು ಬಂತು. ಮಾತಿಲ್ಲ, ಒಂದು ವಿಡಿಯೋದ ಲಿಂಕು ಮಾತ್ರ. ಎಂಟು ನಿಮಿಷದ ಕಾರ್ಟೂನ್ ಚಿತ್ರ, ಹೆಸರು ‘ಕುಂಟೆತ್ತು’. ಮಾಡಿದವನು ಶುಭಮ್ ಕಾಂಬಳೆ, ಹುಕ್ಕೇರಿ.

ಅದರಲ್ಲಿ ಮನುಷ್ಯರಿಲ್ಲ, ಎಲ್ಲ ಮಣ್ಣು. ಹೊಳೆಯ ಈ ದಂಡೆಗೆ ಒಂದು ಮಣ್ಣೆತ್ತು, ಆ ದಂಡೆಗೆ ಒಬ್ಬ ಗುಳ್ಳವ್ವ. ಗುಳ್ಳವ್ವ ಎಂದರೆ ಆಷಾಢದ ಮಂಗಳವಾರ ನಮ್ಮ ಹುಡುಗಿಯರು ಮಾಡಿ ಪೂಜಿಸುವ ಮಣ್ಣಿನ ಬೊಂಬೆ, ಗುಲಗಂಜಿಯ ಕೆಂಪು ಕಣ್ಣಿನವಳು. ಅವಳ ಬಾಯಿಂದ ಅಕ್ಷರಗಳು ಒಂದೊಂದಾಗಿ ಹೊರಬಂದು, ನೀರು ದಾಟಿ, ಎತ್ತಿನ ಮೈಗೆ ಅಂಟುತ್ತಿದ್ದವು. ‘ಬಿಸಲಿಗಿ ಇಟ್ರ ಸಿಟ್ಟಿಗೆದ್ದ ಒಡೀತೈತಿ.’ ‘ತುಳದವರಿಗಿ ಗೊತ್ತ.’ ‘ನಮ್ಮಣ್ಣ ಉಣ್ಣೂದಿಲ್ಲ.’ ಹೊಳೆಪ್ಪ ತಾನೇ ಒತ್ತಿದ ಮಾತುಗಳವು. ಎತ್ತು ಹೊಳೆ ದಾಟಿ ಬಂತು. ಆಗ ಮೇಲಿನಿಂದ ಒಂದು ಕೈ ಇಳಿಯಿತು. ಮೈಯಿಲ್ಲ, ಮುಖವಿಲ್ಲ, ಬರೀ ಕೈ, ಹೆಬ್ಬೆರಳು ಹೊರಕ್ಕೆ ಸೊಟ್ಟ. ಅದು ಎತ್ತನ್ನು ಹಿಸುಕಿತು, ನೆಲಕ್ಕೆ ಬಡಿಯಿತು, ಕಾಲು ಹಿಡಿದು ತಿರುವಿತು. ಎರಡು ನಿಮಿಷ ಬರೀ ಅದೇ. ಬಡಿದು ಬಡಿದು ದಣಿದ ಆ ಕೈಗೆ ಎತ್ತು, ಮುರಿದ ಬಾಯಿಯಿಂದ, “ನೋಯ್ತಾವೇನು?” ಎಂದು ಕೇಳಿತು. ಕೊನೆಗೆ ಮೂರು ಕಾಲಿನ ಎತ್ತು ಮನೆಮನೆಗೆ ಹೋಗುತ್ತದೆ, ಜೋಳ ಬೇಡುವುದಿಲ್ಲ. “ಅಕಿ ಅದಾಳೇನ್ರಿ?” ಎಂದು ಕೇಳುತ್ತದೆ. ಆಮೇಲೆ ಕಪ್ಪು ಪರದೆಯ ಮೇಲೆ ಒಂದು ಸಾಲು: ಕಡ್ಡಿ ಇಟ್ಟು ಕಾಲು ನಿಲ್ಲಿಸುವುದನ್ನು ಕಲಿಸಿದವಳಿಗೆ.

ಹೊಳೆಪ್ಪ ಮರುದಿನವೇ ಮೂಡಲಗಿಗೆ ಹೋದ. ಈ ಸಲ ಬಾಗಿಲಿಗೆ ದೀಪಾಳೇ ಬಂದಳು. ಏಳು ವರ್ಷದ ಮೇಲೆ ಮೊದಲ ಮಾತು ಅವಳೇ ಆಡಿದಳು.

“ನೋಡಿದೇನು?”

“ನೋಡಿದೆ.”

“ಅದ್ರಾಗಿನ ಮಾತು ಒಂದೂ ನನ್ನವಲ್ಲ. ಕಡ್ಡಿ, ಸಿಟ್ಟು, ಅಣ್ಣ ಉಣ್ಣೂದಿಲ್ಲ ಅನ್ನೂದು. ಎಲ್ಲಾ ನಿನ್ನವು.” ಅವಳು ಹೊಸ್ತಿಲ ಮೇಲೆ ಕೂತಳು. “ಏಳು ವರ್ಷ ನಿನ್ನ ರಾಕ್ಷಸ ಅಂತ ತಿಳ್ಕೊಂಡ ಬದುಕೀನಿ. ಸಲೀಸ ಇತ್ತ ಅದು. ಈಗ ಏನಂತ ತಿಳ್ಕೊಳ್ಳಿ, ನೀನ ಹೇಳು.”

ಹೊಳೆಪ್ಪ ಅಂಗಳದಲ್ಲೇ ಕುಕ್ಕರಿಸಿದ. “ಹುಕ್ಕೇರಿಗೆ ಹೋಕ್ಕೇನಿ. ಅಂವಗ ಖರೆ ಹೇಳ್ತೇನಿ” ಅಂದ.

“ಹೇಳಬ್ಯಾಡ.” ದೀಪಾ ತಟ್ಟನೆ ತಲೆ ಎತ್ತಿದಳು. “ಅಂವ ಎದ್ದ ನಿಂತಿದ್ದ ಅಕಿನ್ನ ನಂಬಿ. ಎಲ್ಲೋ ಒಬ್ಬಾಕಿ ಅದಾಳ ಅಂತ. ಕಾಲಂತೂ ಮುರದಿ, ಊರುಗೋಲರ ಬಿಡು ಅಂವಗ. ನಿನ್ನ ಹೊಟ್ಟಿ ಹಗರ ಮಾಡ್ಕೊಳ್ಳಾಕ ಇನ್ನೊಮ್ಮೆ ಹೊಡೀಬ್ಯಾಡ.”

“ಹಂಗಾರ ಯಾಕ ಕಳಿಸಿದೀ ಅದನ್ನ?”

“ನೀ ಸುಮ್ಮನಿರೂದ ಕಲ್ತೀಯೇನ ನೋಡಾಕ. ಕೈ ಕಟಗೊಂಡ ಕುಂದ್ರು. ಪಂಚಮಿಗೆ ಬರ್ತೇನಿ. ಉಂಡಿ ಕಟ್ಟಂತ ಅವ್ವಗ ಹೇಳು.” ಒಳಗೆ ಹೋಗುತ್ತ, ತಿರುಗದೆಯೇ, “ಜೋಕಾಲಿ ಗಟ್ಟಿ ಕಟ್ಟಣ್ಣಾ” ಅಂದಳು.

ಊರಿಗೆ ಬರುವತನಕ ಬಸ್ಸಿನಲ್ಲಿ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಕೂತಿದ್ದ. ಇಷ್ಟಕ್ಕೇ ನಿಂತಿದ್ದರೆ! ಕೈ ಕಟ್ಟಿಕೊಂಡು ಕೂಡುವುದೊಂದೇ ಕೆಲಸ. ತಾಯವ್ವ ಉಂಡಿಗೆಂದು ಶೇಂಗಾ ಹುರಿದಳು, ಎಳ್ಳು ಹುರಿದಳು, ಬೆಲ್ಲ ಜಜ್ಜಿದಳು. ಹೊಳೆಪ್ಪ ಹೊಸ ಹಗ್ಗ ತಂದ. ಆದರೆ ರೊಟ್ಟಿ ಇಳಿಯಲಿಲ್ಲ. ಒಂದು ದಿನ, ಎರಡು ದಿನ, ಒಂಬತ್ತು ದಿನ. ಹಿತ್ತಲಲ್ಲಿ ಎತ್ತು ಮಾಡಿದ, ಸಾಲಾಗಿ ಹತ್ತು ಮಾಡಿದ, ಒಂದನ್ನೂ ಒಣಗಿಸದೆ ಮತ್ತೆ ಮುದ್ದೆ ಮಾಡಿದ. ಸುಳ್ಳಿನ ಮೇಲೆ ಒಬ್ಬ ಬದುಕಿದ್ದಾನಲ್ಲ, ಹೇಳದಿದ್ದರೆ ಪಾಪ ಎಂದು ತನಗೆ ತಾನೇ ಹೇಳಿಕೊಂಡ. ಪಾಪದ ಮಾತು ಅಲ್ಲವೇ ಅಲ್ಲ. ತಾಳಲು ಬರಲಿಲ್ಲ, ಅಷ್ಟೇ. ಹತ್ತನೆಯ ದಿನ ಪೆಟ್ಟಿಗೆಯಿಂದ ಆ ಮಣ್ಣಿನ ಕಾಲು ತೆಗೆದು ಕಿಸೆಗೆ ಹಾಕಿಕೊಂಡು ಹುಕ್ಕೇರಿಯ ಬಸ್ಸು ಹತ್ತಿದ.

ಬಸ್ ಸ್ಟ್ಯಾಂಡಿನ ಹಿಂದೆ ಶುಭಮನ ಅಂಗಡಿ. ಹೊರಗೆ ಮದುವೆ ಆಲ್ಬಮ್ಮಿನ ಬೋರ್ಡು, ಒಳಗೆ ಒಂದು ಮೇಜಿನ ಮೇಲೆ ದೀಪಗಳ ನಡುವೆ ಆ ಗುಳ್ಳವ್ವ ಕೂತಿದ್ದಳು, ಚಿತ್ರದಲ್ಲಿದ್ದವಳೇ. ಶುಭಮ್ ಕೋಲೂರಿಕೊಂಡು ಎದ್ದ. ಬಲಗಾಲು ನೆಲಕ್ಕೆ ಸರಿಯಾಗಿ ಊರುತ್ತಿರಲಿಲ್ಲ, ಮೂಗು ಒಂದು ಕಡೆಗೆ ಕೂತಿತ್ತು.

“ಬರ್ರಿ ಕಾಕಾ, ಕುಂದರ್ರಿ. ಆಲ್ಬಮ್ಮೇನ್ರಿ?” ಎನ್ನುತ್ತ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಮುಂದೆ ಹಿಡಿದ.

ಹೊಳೆಪ್ಪ ಕೈ ಚಾಚಿದ. ಶುಭಮನ ಕಣ್ಣು ಆ ಕೈಯ ಮೇಲೆ ನಿಂತಿತು. ಚಹಾದ ಕಪ್ಪನ್ನು ಮೇಜಿನ ಮೇಲೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಆತುಕೊಂಡ.

“ಆ ಹೆಬ್ಬೆರಳ ನಾ ಮೂವತ್ತ ಸಲ ಮಾಡೀನಿ” ಎಂದ. “ಮತ್ತ ಹೊಡೀಲಿಕ್ಕೆ ಬಂದೀರೇನ್ರಿ?”

“ಇಲ್ಲೋ ಯಪ್ಪಾ.”

“ಹಂಗಾರ ಒಂದ ಹೇಳ್ರಿ. ಅಕಿ ಹೆಂಗದಾಳ? ಅಕಿಗೆ ಏನೂ ಮಾಡ್ಲಿಲ್ಲ ಹೌದಲ್ರಿ?”

“ಏನೂ ಮಾಡಿಲ್ಲ. ಮೂಡಲಗ್ಯಾಗ ಅದಾಳ. ಚೆಂದ ಅದಾಳ.”

ಶುಭಮ್ ಕಣ್ಣು ಮುಚ್ಚಿ ತೆಗೆದ. ಮುಖದ ಬಿಗಿ ಸಡಿಲಾಯಿತು. “ಸಾಕ್ರಿ ಅಷ್ಟು. ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ಲ. ಅಣ್ಣ ಕೈ ಎತ್ತಿದ ದಿನ ಉಣ್ಣೂದಿಲ್ಲ ಅಂತ ಅಕಿ ಬರದಿದ್ಲು. ಅಕಿ ಸಲುವಾಗಿ ನಿಮ್ಮನ್ನ ಎಂದೋ ಬಿಟ್ಟೀನಿ. ಚಾ ಕುಡದ ಹೋಗ್ರಿ.”

ಏಳು ವರ್ಷ ಒಳಗೊಳಗೇ ಬೇಡಿಕೊಂಡ ಕ್ಷಮೆ ಚಹಾದ ಕಪ್ಪಿನ ಜೊತೆ ಮೇಜಿನ ಮೇಲಿತ್ತು. ಎತ್ತಿಕೊಂಡು ಬರಬೇಕಿತ್ತಲ್ಲ, ಮುಠ್ಠಾಳ. ಹೊಳೆಪ್ಪ ಕಿಸೆಗೆ ಕೈ ಹಾಕಿ ಆ ಮಣ್ಣಿನ ಕಾಲು ತೆಗೆದು ಕಪ್ಪಿನ ಬದಿಗೆ ಇಟ್ಟ.

“ಅಕಿ ಇಲ್ಲ” ಅಂದ. “ಆ ಹನ್ನೊಂದ ದಿನ ಬರದಾಂವ ನಾನ.”

ಶುಭಮ್ ಮೊದಲು ನಕ್ಕ. ಹೊಳೆಪ್ಪ ಒಂದೊಂದೇ ಹೇಳತೊಡಗಿದ. ಕಸಬರಿಗೆಯ ಕಡ್ಡಿ. ನೆಳ್ಳು. ಬೂದಿಯ ಅಳತೆ. ಅಪ್ಪ ಸತ್ತ ದಿನ. ಚಿತ್ರದಲ್ಲಿ ಇಲ್ಲದ ಮಾತುಗಳನ್ನೂ ಹೇಳಿದ, ಅವರಿಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಿರದವನ್ನು. ಒಂದೊಂದು ಮಾತಿಗೂ ಶುಭಮನ ಮುಖದಿಂದ ಏನೋ ಒಂದು ಉದುರುತ್ತಿತ್ತು. ಹೊಳೆಪ್ಪನಿಗೆ ಅದು ಕಾಣುತ್ತಿತ್ತು, ನಿಲ್ಲಿಸಬೇಕೆಂದೂ ಅನಿಸುತ್ತಿತ್ತು, ಆದರೆ ಆವಿಗೆಯ ಹತ್ತಿರ ಎರಡನೆಯ ಸಲ ತುಳಿಯುವಾಗಲೂ ಹಾಗೇ ಅನಿಸಿತ್ತು. ಜೋಳದ ಚೀಲದ ಮಾತು ಹೇಳಿ ಮುಗಿಸುವವರೆಗೆ ಅವನ ಬಾಯಿ ನಿಲ್ಲಲಿಲ್ಲ.

ಶುಭಮನ ಕೋಲು ಮೊದಲು ಗುಳ್ಳವ್ವನ ಮೇಲೆ ಬಿತ್ತು. ತಲೆ ಚೂರಾಗಿ ಗುಲಗಂಜಿಗಳು ಮೇಜಿನಿಂದ ಉರುಳಿ ನೆಲಕ್ಕೆ ಬಿದ್ದವು. ಇನ್ನೊಂದು ಏಟಿಗೆ ಮೈ ಹೋಯಿತು. ಹೊಳೆಪ್ಪ ತನ್ನ ಬಲಗೈಯನ್ನು ಮೇಜಿನ ಮೇಲೆ, ಆ ಚೂರುಗಳ ನಡುವೆ ಚಾಚಿ ಇಟ್ಟ. ಶುಭಮ್ ಕೋಲೆತ್ತಿ ಅದರ ಮೇಲೆ ಇಳಿಸಿದ. ಒಂದು, ಎರಡು, ಮೂರು. ಮಣಿಕಟ್ಟಿನ ಎಲುಬು ಮುರಿದ ಸದ್ದು ಇಬ್ಬರಿಗೂ ಪರಿಚಯದ್ದೇ. ಹೊಳೆಪ್ಪ ಕೈ ತೆಗೆಯಲಿಲ್ಲ. ಕೋಲು ಕೈಬಿಟ್ಟ ಶುಭಮ್ ಮೇಜು ಹಿಡಿದುಕೊಂಡು ಕುಸಿದು ಕೂತ.

“ಕಾಲ ಮುರದಾಗ ನನಗ ಅಕಿ ಇದ್ಲು” ಎಂದ. “ಈಗ ಏನ ಹಿಡ್ಕೊಂಡ ಏಳ್ಲಿ?”

ಹೊಳೆಪ್ಪ ಬಗ್ಗಿದ. ಕೋಲನ್ನು ಎತ್ತಿ ಅವನ ಕೈಗೆ ಕೊಡಲು ಹೋದ, ಅವನು ತೆಗೆದುಕೊಳ್ಳಲಿಲ್ಲ.

ಗೋಕಾಕದ ಡಾಕ್ಟರರಿಗೆ, ಟ್ರ್ಯಾಕ್ಟರಿನ ಮೇಲಿಂದ ಬಿದ್ದೆ ಎಂದು ಹೇಳಿ ಮೊಣಕೈವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ. ಪಂಚಮಿಯ ದಿನ ಎಡಗೈಯಿಂದಲೇ, ಹಲ್ಲಿನಲ್ಲಿ ಹಗ್ಗ ಕಚ್ಚಿ, ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ. ಮೂಡಲಗಿಯಿಂದ ಬರುವ ಹತ್ತು ಗಂಟೆಯ ಬಸ್ಸು ಬಂತು, ಹನ್ನೆರಡರದೂ ಬಂತು. ಫೋನಿನಲ್ಲಿ ಆ ಚಿತ್ರ ತೆಗೆದು ನೋಡಿದರೆ ಅದು ಅಲ್ಲಿರಲಿಲ್ಲ, ಮಾಡಿದವನೇ ಅಳಿಸಿ ಹಾಕಿದ್ದ. ಸ್ವಲ್ಪ ಹೊತ್ತಿಗೆ ತಾಯವ್ವನ ಫೋನು ಬಡಿದುಕೊಂಡಿತು. ಆಕೆ ಹೂಂ, ಹೂಂ ಅಂದು ಇಟ್ಟಳು.

“ದೀಪಾ ಬರೂದಿಲ್ಲಂತ” ಎಂದಳು. “ಚಿತ್ರ ಹೋತು ಅಂತ ಹೇಳಂದ್ಲು. ಅಂದ್ರ ಏನೋ ಅದು?”

ಹೊಳೆಪ್ಪ ಜೋಕಾಲಿಯ ಮಣೆಯ ಮೇಲೆ ಕೂತಿದ್ದ. ತಾಯವ್ವ ಉಂಡಿಯ ತಾಟು ಹಿಡಿದುಕೊಂಡು ಹತ್ತಿರ ಬಂದಳು. ಮಗನ ಮುಖ ನೋಡಿದಳು, ಪ್ಲಾಸ್ಟರಿನಿಂದ ಹೊರಗೆ ಇಣುಕುತ್ತಿದ್ದ ಆ ಸೊಟ್ಟ ಹೆಬ್ಬೆರಳು ಬಾತು ಕಪ್ಪಾದದ್ದನ್ನು ನೋಡಿದಳು. ತಾಟು ಕೆಳಗಿಟ್ಟು, ಅದನ್ನು ಎರಡು ಬೆರಳಿನಿಂದ ಮೆಲ್ಲಗೆ ಮುಟ್ಟಿದಳು.

“ಕೈ ನೋಯ್ತಾವೇನೋ ಯಪ್ಪಾ?” ಎಂದು ಕೇಳಿದಳು.

ತಾಯವ್ವ ಒಂದು ಉಂಡಿ ಮುರಿದು ಅವನ ಬಾಯಿಗೆ ಇಟ್ಟಳು, ಅದು ಗಂಟಲಿನಿಂದ ಕೆಳಗೆ ಇಳಿಯಲಿಲ್ಲ.